ನೆನಪು ಅಳಿಸುವ ಕಥೆ ಬರೆಯೋದು ಹೇಗೆ: ಹದಿಹರೆಯದವರ ವಿಜ್ಞಾನ ಕಾದಂಬರಿಗೆ ಸಮಗ್ರ ಮಾರ್ಗದರ್ಶಿ

ಹುಡುಗಿ ಆಸ್ಪತ್ರೆ ಮಂಚದ ಮೇಲೆ ಕಣ್ಣು ಬಿಡುತ್ತಾಳೆ. ಬಿಳಿ ಗೋಡೆ, ಬೀಪ್ ಬೀಪ್ ಸದ್ದು. ‘ನಾನು ಯಾರು?’ ಅಂತ ಕೇಳುತ್ತಾಳೆ. ಮೈಸೂರು, ಮಂಡ್ಯ ಕಡೆಯ ಹೊಸಬರು ನನಗೆ ಓದಲು ಕೊಡುವ ಕರಡುಗಳಲ್ಲಿ ಹೆಚ್ಚಿನವು ಶುರುವಾಗೋದು ಹೀಗೇ. ಮೂರನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಕಥೆ ಕೆಸರಿಗೆ ಸಿಕ್ಕ ಎತ್ತಿನಗಾಡಿ ಆಗಿರುತ್ತದೆ. ಬರೆಯೋರಿಗೆ ಭಾಷೆ ಇಲ್ಲ ಅಂತಲ್ಲ, ವಿಜ್ಞಾನ ಗೊತ್ತಿಲ್ಲ ಅಂತಲೂ ಅಲ್ಲ. ಕೆಲಸದ ಅನುಕ್ರಮ ತಪ್ಪಿರುತ್ತದೆ. ಮೊದಲು ಯಂತ್ರ, ಆಮೇಲೆ ಮರೆವು, ಕೊನೆಗೆ ಒಬ್ಬ ಕೆಟ್ಟ ಡಾಕ್ಟರ್ ಅಂತ ಹೊರಡುತ್ತಾರೆ. ಇದನ್ನು ತಿರುಗಿಸಬೇಕು. ನೆನಪು, ತನ್ನತನ, ವೈದ್ಯಕೀಯ ನೀತಿ ಮೂರೂ ಇರುವ ಕಾದಂಬರಿ ಹುಟ್ಟೋದು ಒಂದು ಸಹಿಯಿಂದ.

ಕೆಳಗೆ ಒಂದೇ ಉದಾಹರಣೆಯನ್ನು ಕೊನೆಯವರೆಗೂ ಎಳೆದುಕೊಂಡು ಹೋಗಿದ್ದೇನೆ. ಅದನ್ನೇ ನಕಲು ಮಾಡಬೇಡಿ, ನಿಮ್ಮದನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಿ.

## ಶುರು ಮಾಡೋ ಮುಂಚೆ ಕೈಯಲ್ಲಿ ಇರಬೇಕಾದ್ದು

ಎರಡು ನೋಟ್‌ಬುಕ್. ಒಂದರಲ್ಲಿ ನಿಜವಾಗಿ ಏನೇನಾಯಿತು ಅನ್ನೋದು, ತಾರೀಖಿನ ಪ್ರಕಾರ. ಇನ್ನೊಂದರಲ್ಲಿ ನಿಮ್ಮ ಹುಡುಗಿಗೆ ಯಾವಾಗ ಏನು ಗೊತ್ತಾಯಿತು ಅನ್ನೋದು. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದರೆ ನೂರು ಪುಟ ದಾಟುವಷ್ಟರಲ್ಲಿ, ಅವಳಿಗೆ ಗೊತ್ತಿರಬಾರದ ವಿಷಯವನ್ನು ಅವಳ ಬಾಯಲ್ಲೇ ಹೇಳಿಸಿಬಿಟ್ಟಿರುತ್ತೀರಿ.

ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, 2017ರಲ್ಲಿ ತಂದ ನೀತಿ ಮಾರ್ಗಸೂಚಿ. ಮನುಷ್ಯರ ಮೇಲೆ ಸಂಶೋಧನೆ ಮಾಡುವಾಗ ಏನು ಮಾಡಬೇಕು, ಏನು ಮಾಡಬಾರದು ಅಂತ ಅದರಲ್ಲಿದೆ. ಪುಕ್ಕಟೆ ಸಿಗುತ್ತದೆ. ಪೂರ್ತಿ ಓದಬೇಕಾಗಿಲ್ಲ. ಒಪ್ಪಿಗೆ ಪಡೆಯುವುದರ ಬಗ್ಗೆ ಇರುವ ಭಾಗ, ಮಕ್ಕಳ ಬಗ್ಗೆ ಇರುವ ಭಾಗ, ಸಂಶೋಧನೆ ನಡೆಸಬಹುದೋ ಇಲ್ಲವೋ ಅಂತ ತೀರ್ಮಾನಿಸುವ ನೀತಿ ಸಮಿತಿಯ, ಅಂದರೆ ಎಥಿಕ್ಸ್ ಕಮಿಟಿಯ ಭಾಗ, ಇಷ್ಟು ಸಾಕು.

ಆಸ್ಪತ್ರೆಯಲ್ಲಿ ಕೆಲಸ ಮಾಡುವ ಒಬ್ಬರ ಪರಿಚಯ. ಡಾಕ್ಟರೇ ಆಗಬೇಕಿಲ್ಲ, ನರ್ಸ್ ಆದರೆ ಇನ್ನೂ ಒಳ್ಳೆಯದು. ರೋಗಿಯ ಕಡೆಯವರು ಕಾಗದಕ್ಕೆ ಸಹಿ ಹಾಕುವ ಮುಂಚೆ ಏನು ಕೇಳುತ್ತಾರೆ, ಪೆನ್ನು ಯಾರದು, ಪಕ್ಕದಲ್ಲಿ ಯಾರು ನಿಂತಿರುತ್ತಾರೆ, ಇವೆಲ್ಲ ಅವರಿಗೇ ಗೊತ್ತಿರೋದು.

ಟೈಪ್ ಮಾಡೋದಾದರೆ ಯೂನಿಕೋಡ್‌ನಲ್ಲೇ ಮಾಡಿ. ಹಳೆ ಫಾಂಟ್‌ನಲ್ಲಿ ಮಾಡಿದ ಫೈಲು ಬೇರೆಯವರ ಫೋನಿನಲ್ಲಿ ಚೌಕ ಚೌಕ ಆಗಿ ಕಾಣುತ್ತದೆ, ಯಾರೂ ಓದೋದಿಲ್ಲ.

## ಹಂತ 1: ಯಂತ್ರ ಆಮೇಲೆ, ಮೊದಲು ಸಹಿ

ಮೊದಲ ದಿನವೇ ಒಂದು ಒಪ್ಪಿಗೆ ಪತ್ರ ಬರೆಯಿರಿ. ನಿಜವಾಗಲೂ ಬರೆಯಿರಿ, ಎರಡು ಪುಟ, ಆಫೀಸಿನ ಒಣ ಕನ್ನಡದಲ್ಲಿ. ಯಾರ ನೆನಪು, ಯಾವ ನೆನಪು, ಯಾಕೆ, ಅಪಾಯ ಏನು, ಯಾರು ಸಹಿ ಹಾಕಿದರು, ಯಾರನ್ನು ಕೇಳಲೇ ಇಲ್ಲ.

ನಮ್ಮ ಉದಾಹರಣೆ ಇದು. ಪಾಂಡವಪುರದ ಕಡೆ ಒಂದು ಹಳ್ಳಿ. ಸಿಂಚನ, ಈಗಷ್ಟೇ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ 16 ತುಂಬಿದವಳು. ತಮ್ಮ ಮನು. ಬೇಸಿಗೆ ರಜೆಯಲ್ಲಿ ಅಕ್ಕನ ಕಣ್ಣೆದುರೇ ಅವನು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬೀಳುತ್ತಾನೆ. ಆಮೇಲೆ ಸಿಂಚನ ಊಟ ಬಿಡುತ್ತಾಳೆ, ನಿದ್ದೆ ಬಿಡುತ್ತಾಳೆ, ನೀರಿನ ಸದ್ದು ಕೇಳಿದರೆ ಕಿರುಚುತ್ತಾಳೆ. ಮೈಸೂರಿನ ಒಂದು ಆಸ್ಪತ್ರೆಯಲ್ಲಿ, ಭಯದ ನೆನಪನ್ನು ತಗ್ಗಿಸುವ ಹೊಸ ವಿಧಾನದ ಪ್ರಯೋಗ ನಡೀತಿದೆ ಅಂತ ಗೊತ್ತಾಗುತ್ತದೆ. ಅಪ್ಪ ಅವಳನ್ನು ಕರೆದುಕೊಂಡು ಹೋಗುತ್ತಾನೆ.

ಇಲ್ಲಿ ನಿಯಮ ನಿಮ್ಮ ಸಹಾಯಕ್ಕೆ ಬರುತ್ತದೆ. 18 ತುಂಬದವರನ್ನು ಸಂಶೋಧನೆಗೆ ಸೇರಿಸಬೇಕಾದರೆ ತಂದೆ ತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು. ಅಷ್ಟೇ ಸಾಲದು. 7ರಿಂದ 12 ವರ್ಷದ ಮಗು ಬಾಯಿಮಾತಲ್ಲಿ ಹ್ಞೂಂ ಅನ್ನಬೇಕು, 12 ದಾಟಿ 18ರವರೆಗಿನವರು ಬರೆದು ಸಮ್ಮತಿ ಕೊಡಬೇಕು. ಅಂದರೆ ಸಿಂಚನಳ ಸಹಿಯೂ ಆ ಕಾಗದದ ಮೇಲೆ ಇದೆ. ತಮ್ಮನ ನೆನಪಿಗೆ ಕೈ ಹಾಕುವ ಪತ್ರಕ್ಕೆ ಅವಳೇ ಸಹಿ ಹಾಕಿದ್ದಾಳೆ, ಹಾಕಿದ್ದನ್ನೂ ಮರೆತಿದ್ದಾಳೆ. ವಾರಗಟ್ಟಲೆ ನಿದ್ದೆ ಇಲ್ಲದ ಹುಡುಗಿಯ ‘ಹ್ಞೂಂ’ ನಿಜವಾಗಿ ಹ್ಞೂಂ ಹೌದೋ ಅಲ್ವೋ? ಇಡೀ ಕಾದಂಬರಿಗೆ ಈ ಒಂದು ಪ್ರಶ್ನೆ ಸಾಕು.

ಸಾಮಾನ್ಯವಾಗಿ ಆಗುವ ತಪ್ಪು: ಚಿಕಿತ್ಸೆಯನ್ನೂ ಸಂಶೋಧನೆಯನ್ನೂ ಕಲಸಿಬಿಡೋದು. ಚಿಕಿತ್ಸೆಯ ಗುರಿ ಈ ರೋಗಿ ಹುಷಾರಾಗಬೇಕು ಅನ್ನೋದು. ಸಂಶೋಧನೆಯ ಗುರಿ ಒಂದು ವಿಷಯ ತಿಳಿದುಕೊಳ್ಳಬೇಕು ಅನ್ನೋದು. ಕುಟುಂಬಕ್ಕೆ ಆ ವ್ಯತ್ಯಾಸ ಕಾಣೋದಿಲ್ಲ. ‘ದೊಡ್ಡಾಸ್ಪತ್ರೇಲಿ ಪುಕ್ಕಟೆ ನೋಡ್ತಾರಂತೆ’ ಅಂತ ಅಪ್ಪ ಹೊರಟಿರುತ್ತಾನೆ, ಪಾಪ. ನೀವು ಬರೆಯೋರು, ನಿಮಗೆ ಆ ವ್ಯತ್ಯಾಸ ಗೊತ್ತಿರಲೇಬೇಕು. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ ಕಪ್ಪು ಜನರನ್ನು ಸರಿಯಾದ ಚಿಕಿತ್ಸೆ ಕೊಡದೆ ಸುಮ್ನೆ ಗಮನಿಸುತ್ತಾ ಕೂತರಲ್ಲ, ಅವರಿಗೆ ಹೇಳಿದ್ದು ಚಿಕಿತ್ಸೆ ಅಂತಲೇ.

## ಹಂತ 2: ಏನು ಹೋಯಿತು, ಏನು ಉಳಿಯಿತು ಅಂತ ಪಟ್ಟಿ ಮಾಡಿ

ಅತಿ ಹೆಚ್ಚು ಜನ ಎಡವೋದು ಇಲ್ಲಿ, ಹಾಗಾಗಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ನೆನಪು ಒಂದೇ ಗಂಟು ಅಲ್ಲ. ‘ಅವತ್ತು ಹೀಗಾಯ್ತು’ ಅನ್ನೋ ಘಟನೆಯ ನೆನಪು ಒಂದು. ‘ಕೆಆರ್‌ಎಸ್ ಇರೋದು ಕಾವೇರಿಗೆ’ ಅನ್ನೋ ತಿಳಿವಳಿಕೆ ಇನ್ನೊಂದು. ಸೈಕಲ್ ಹೊಡೆಯೋದು, ಮುದ್ದೆ ಕಟ್ಟೋದು ಕೈಕಾಲಿನ ನೆನಪು. ಭಯ, ಅಸಹ್ಯದ ನೆನಪು ಬೇರೆಯೇ. ಒಂದು ಹೋದರೆ ಇನ್ನೊಂದು ಉಳಿಯಬಹುದು.

ಇದಕ್ಕೆ ದೊಡ್ಡ ಸಾಕ್ಷಿ ಹೆನ್ರಿ ಮೊಲೈಸನ್. 1953ರಲ್ಲಿ, 27ನೇ ವಯಸ್ಸಿನಲ್ಲಿ, ಅಪಸ್ಮಾರಕ್ಕೆ ಅಂತ ಅವನ ಮಿದುಳಿನ ಎರಡೂ ಬದಿಯ ಹಿಪ್ಪೊಕ್ಯಾಂಪಸ್‌ನ (ಹೊಸ ನೆನಪು ಕಟ್ಟೋಕೆ ಬೇಕಾದ ಜಾಗ) ಹೆಚ್ಚಿನ ಭಾಗ ತೆಗೆದರು. ಆಮೇಲೆ ಹೊಸ ಘಟನೆ ಯಾವುದೂ ಅವನ ತಲೆಯಲ್ಲಿ ನಿಲ್ಲಲಿಲ್ಲ. ಆದರೆ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವನ ಕೈಯಲ್ಲಿ ಕನ್ನಡಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದಿಸಿದಾಗ, ದಿನದಿಂದ ದಿನಕ್ಕೆ ಅವನ ಕೈ ಪಳಗುತ್ತಾ ಹೋಯಿತು. ಹಿಂದೆ ಮಾಡಿದ್ದೆ ಅನ್ನೋದೇ ಅವನಿಗೆ ನೆನಪಿರಲಿಲ್ಲ. 2008ರಲ್ಲಿ ಅವನು ಸಾಯುವವರೆಗೂ ಜಗತ್ತಿಗೆ ಅವನು ಬರೀ ‘ಎಚ್.ಎಂ.’ ಅನ್ನೋ ಎರಡು ಅಕ್ಷರ.

ಇನ್ನೊಂದು, ಸ್ವಿಟ್ಜರ್ಲೆಂಡಿನ ವೈದ್ಯ ಕ್ಲಾಪರೇಡ್ 1911ರಲ್ಲಿ ಬರೆದದ್ದು. ಪ್ರತಿ ಸಲ ಅವನನ್ನು ಹೊಸಬ ಅಂದುಕೊಳ್ಳುತ್ತಿದ್ದ, ನೆನಪು ನಿಲ್ಲದ ಒಬ್ಬ ಮಹಿಳೆಯ ಕೈಯನ್ನು, ಬೆರಳ ಸಂದಿಯಲ್ಲಿ ಪಿನ್ನು ಇಟ್ಟುಕೊಂಡು ಕುಲುಕಿದ. ಮುಂದಿನ ಸಲ ಆಕೆಗೆ ಅವನ ಗುರುತು ಸಿಗಲಿಲ್ಲ. ಕೈ ಮಾತ್ರ ಕೊಡಲಿಲ್ಲ. ಯಾಕೆ ಅಂತ ಆಕೆಗೇ ಗೊತ್ತಿಲ್ಲ. (ಇದು ನೀತಿಯ ದೃಷ್ಟಿಯಿಂದ ಸರಿಯೇ ಅಂತ ನಿಮ್ಮ ಕಾದಂಬರಿಯ ಪಾತ್ರವೊಂದು ಕೇಳಿದರೆ ತಪ್ಪಿಲ್ಲ.)

ಈಗ ಸಿಂಚನಳಿಗೆ ಬನ್ನಿ. ಮನು ತಲೆಯಿಂದ ಹೋಗಿದ್ದಾನೆ. ರಾತ್ರಿ ಊಟಕ್ಕೆ ತಟ್ಟೆ ಇಡೋದು ಅವಳ ಕೆಲಸ. ಅಪ್ಪ, ಅವ್ವ, ಅಜ್ಜಿ, ತಾನು, ನಾಲ್ಕು ಜನ. ಅವಳು ಐದು ತಟ್ಟೆ ಇಡುತ್ತಾಳೆ. ಐದನೆಯದು ಕಂಬದ ಪಕ್ಕಕ್ಕೆ, ಅಂಚು ಸ್ವಲ್ಪ ನೆಗ್ಗಿದ ಚಿಕ್ಕ ತಟ್ಟೆ. ಅದಕ್ಕೆ ಉಪ್ಸಾರಿನ ಖಾರ ಹಾಕೋದಿಲ್ಲ, ಬರೀ ಕಟ್ಟು ಬಿಡುತ್ತಾಳೆ, ಯಾಕಂದರೆ ಆ ಜಾಗದಲ್ಲಿ ಕೂರುತ್ತಿದ್ದವನಿಗೆ ಖಾರ ಆಗುತ್ತಿರಲಿಲ್ಲ. ‘ಯಾಕವ್ವ ಐದಿಟ್ಟೆ?’ ಅಂತ ಅಜ್ಜಿ ಕೇಳೋ ಹಾಗಿಲ್ಲ. ಅವ್ವ ಎದ್ದು ತಟ್ಟೆ ಒಳಗೆ ತಗೊಂಡು ಹೋಗುತ್ತಾಳೆ, ಬೇಗ ವಾಪಸ್ ಬರೋದಿಲ್ಲ. ಇಷ್ಟು ಬರೆದರೆ ಮಿದುಳಿನ ಪಾಠ ಬೇಕಾಗಿಲ್ಲ, ಅಲ್ವಾ?

ಹಾಗಾಗಿ ಎರಡು ಕಾಲಂ ಮಾಡಿ. ಎಡಕ್ಕೆ ಹೋದದ್ದು, ಬಲಕ್ಕೆ ಉಳಿದದ್ದು. ಬಲಗಡೆಯ ಕಾಲಂ ಉದ್ದ ಇರಬೇಕು. ಕಥೆ ಅಲ್ಲಿಂದಲೇ ಬರೋದು.

ಈ ಹಂತದ ತಪ್ಪುಗಳು ಬಹಳ. ತನ್ನ ಹೆಸರೇ ಮರೆತ ಹುಡುಗ ಉಳಿದದ್ದೆಲ್ಲ ಸಲೀಸಾಗಿ ಮಾಡೋದು: ತಲೆಗೆ ಪೆಟ್ಟು ಬಿದ್ದವರಲ್ಲಿ ಸಾಮಾನ್ಯವಾಗಿ ಹಳೆಯದು ಉಳಿದು ಇತ್ತೀಚಿನದು ಹೋಗುತ್ತದೆ, ಸಿನಿಮಾದಲ್ಲಿ ಮಾತ್ರ ಉಲ್ಟಾ. ಇನ್ನೊಂದು ಪೆಟ್ಟು ಬಿದ್ದರೆ ನೆನಪು ವಾಪಸ್ ಬರೋದು: ಬರೋದಿಲ್ಲ, ಮಿದುಳಿಗೆ ಇನ್ನಷ್ಟು ಏಟಾಗುತ್ತದೆ. ಎರಡು ವರ್ಷದ ಮಗುವಾಗಿದ್ದಾಗಿನ ಮಾತುಕತೆ ಅಕ್ಷರ ಅಕ್ಷರ ನೆನಪಿರೋದು: ಮೂರು ವರ್ಷಕ್ಕೆ ಮುಂಚಿನದು ಹೆಚ್ಚಿನವರಿಗೆ ಉಳಿಯೋದೇ ಇಲ್ಲ. ಮಾತು ಹೋಗೋದನ್ನೂ ನೆನಪು ಹೋಗೋದನ್ನೂ ಒಂದೇ ಅಂದುಕೊಳ್ಳೋರೂ ಇದ್ದಾರೆ. ಪಾರ್ಶ್ವವಾಯು ಹೊಡೆದು ಮಾತು ನಿಂತವರಿಗೆ ಮಗಳ ಮುಖ, ಮದುವೆಯ ದಿನ ಎಲ್ಲ ನೆನಪಿರಬಹುದು, ಪದ ಸಿಗೋದಿಲ್ಲ ಅಷ್ಟೇ. ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಚಿಕಿತ್ಸೆಗೆ ಹೋಗಿಬಂದ ಕುಟುಂಬ ನಿಮ್ಮ ಬಂಧುಗಳಲ್ಲೇ ಇದ್ದರೂ ಇರಬಹುದು, ಅವರು ಮಾತಾಡೋಕೆ ಇಷ್ಟಪಟ್ಟರೆ ಒಂದು ಮಾತು ಕೇಳಿ.

## ಹಂತ 3: ಯಂತ್ರಕ್ಕೆ ಮೂಗುದಾರ ಹಾಕಿ

ಈಗ ಯಂತ್ರ. ಒಂದು ಗುಂಡಿ ಒತ್ತಿದರೆ ಬೇಕಾದ ನೆನಪು ಮಾಯ ಅನ್ನೋ ಯಂತ್ರದಿಂದ ಕಥೆ ಸಾಯುತ್ತದೆ. ಯಂತ್ರಕ್ಕೆ ಒಂದು ಷರತ್ತು, ಒಂದು ಬೆಲೆ, ಒಂದು ತಪ್ಪು ಇರಬೇಕು.

ಷರತ್ತನ್ನು ನಿಜವಾದ ವಿಜ್ಞಾನದಿಂದಲೇ ತಗೊಳ್ಳಿ. 2000ದಲ್ಲಿ ಮಿದುಳು ವಿಜ್ಞಾನಿ ಕರೀಂ ನಾಡರ್ ಮತ್ತು ಜೊತೆಗಾರರು ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಸದ್ದು, ಜೊತೆಗೆ ಶಾಕ್. ಇಲಿ ಸದ್ದಿಗೆ ಹೆದರೋದು ಕಲಿಯಿತು. ಆಮೇಲೆ ಆ ಸದ್ದನ್ನು ಮತ್ತೆ ಕೇಳಿಸಿ, ತಕ್ಷಣ ಮಿದುಳಿನಲ್ಲಿ ಭಯಕ್ಕೆ ಸಂಬಂಧಪಟ್ಟ ಅಮಿಗ್ಡಲಾ ಭಾಗಕ್ಕೆ ಹೊಸ ಪ್ರೋಟೀನ್ ತಯಾರಾಗದಂತೆ ತಡೆಯುವ ಔಷಧ ಕೊಟ್ಟರು. ಇಲಿಯ ಭಯ ಹೋಯಿತು. ಸದ್ದು ಕೇಳಿಸದೆ ಬರೀ ಔಷಧ ಕೊಟ್ಟಾಗ ಭಯ ಹಾಗೇ ಇತ್ತು. ಅಂದರೆ ನೆನಪನ್ನು ಹೊರಗೆ ತೆಗೆದಾಗಲೇ ಅದು ಸಡಿಲ ಆಗೋದು, ಆಮೇಲೆ ಮತ್ತೆ ಗಟ್ಟಿಯಾಗಬೇಕು, ಆ ನಡುವೆ ಕೈ ಹಾಕಬಹುದು.

ಇದರ ಅರ್ಥ ನಿಮ್ಮ ಕಥೆಗೆ ಏನು? ಅಳಿಸಬೇಕು ಅಂದರೆ ಮೊದಲು ನೆನೆಸಿಕೊಳ್ಳಲೇಬೇಕು. ಸಿಂಚನ ಆ ಕುರ್ಚಿಯಲ್ಲಿ ಕೂತು ನಾಲೆಯ ಏರಿಯನ್ನು, ಮನುವಿನ ಜಾರಿದ ಚಪ್ಪಲಿಯನ್ನು, ಅವನು ಕೂಗಿದ್ದನ್ನು ಪೂರ್ತಿ ನೆನೆಸಿಕೊಳ್ಳಬೇಕು, ಒಂದು ಸಲ ಅಲ್ಲ, ಪ್ರತಿ ಸಲ ಕೂತಾಗಲೂ. ಅವಳನ್ನು ಆ ನೋವಿನಿಂದ ಕಾಪಾಡೋಕೆ ಅದೇ ನೋವನ್ನು ಅವಳ ಕೈಯಲ್ಲಿ ಮತ್ತೆ ಮತ್ತೆ ಮಾಡಿಸುತ್ತಾರೆ. ಪಕ್ಕದ ಕೋಣೆಯಲ್ಲಿ ಕೂತ ಅಪ್ಪನಿಗೆ ಅದು ಕೇಳಿಸುತ್ತದೆ. ಇಂಥ ದೃಶ್ಯ ಗುಂಡಿ ಒತ್ತುವ ಯಂತ್ರದಿಂದ ಸಿಗೋದಿಲ್ಲ.

ಇಲಿಯಿಂದ ಮನುಷ್ಯರಿಗೆ ಬರುವಾಗ ನೀವು ಕಲ್ಪನೆಗೆ ಕಾಲಿಡುತ್ತೀರಿ, ಪರವಾಗಿಲ್ಲ, ಇದು ವಿಜ್ಞಾನ ಕಾದಂಬರಿ. ಆದರೆ ಒಂದೇ ಒಂದು ಸುಳ್ಳಿಗೆ ಅವಕಾಶ. ಯಂತ್ರ ಕೆಲಸ ಮಾಡುತ್ತದೆ ಅನ್ನೋದು ಆ ಸುಳ್ಳು. ಮಿಕ್ಕಿದ್ದೆಲ್ಲ ಇವತ್ತಿನ ಮಂಡ್ಯದಂತೆಯೇ ಇರಲಿ. 2040 ಅಂದ ಮಾತ್ರಕ್ಕೆ ಹಾರುವ ಕಾರು ಬೇಡ. ಕಬ್ಬಿನ ಬಾಕಿ ಹಣಕ್ಕೆ ಆಗಲೂ ಅಪ್ಪ ಅಲೆಯುತ್ತಿರಬಹುದು.

## ಹಂತ 4: ತಲೆಯ ಹೊರಗಿರುವ ನೆನಪನ್ನು ಹುಡುಕಿ

ತಲೆಯಿಂದ ಅಳಿಸಿದರೂ ಊರಿಂದ ಅಳಿಸೋಕೆ ಆಗುತ್ತಾ? ಹಳ್ಳಿಯಲ್ಲಿ ಒಬ್ಬ ಹುಡುಗ ಇದ್ದ ಅಂದರೆ ಎಷ್ಟು ಕಡೆ ಇದ್ದ ಅಂತ ಎಣಿಸಿ ನೋಡಿ. ಶಾಲೆಯ ಹಾಜರಿ ಪುಸ್ತಕ, ಸೋದರಮಾವನ ಮದುವೆ ಆಲ್ಬಂ, ಬಾಗಿಲ ಚೌಕಟ್ಟಿನ ಮೇಲೆ ಎತ್ತರ ಅಳೆದ ಪೆನ್ಸಿಲ್ ಗೆರೆ, ರೇಷನ್ ಕಾರ್ಡಿನಲ್ಲಿ ಐದನೇ ಹೆಸರು. ಅಂಗನವಾಡಿ ಟೀಚರ್. ಅಂಗಡಿಯಲ್ಲಿ ಅವನ ಹೆಸರಲ್ಲಿ ಉಳಿದ ಸಣ್ಣ ಬಾಕಿ.

ಕುಟುಂಬ ಇದನ್ನೆಲ್ಲ ಮುಚ್ಚಬೇಕು. ಮುಚ್ಚೋಕೆ ಊರೇ ಒಪ್ಪಬೇಕು. ಊರು ಒಪ್ಪುತ್ತದೆ, ಯಾಕಂದರೆ ಆ ಹುಡುಗಿಯ ಸ್ಥಿತಿ ಎಲ್ಲರೂ ನೋಡಿದ್ದಾರೆ. ಪ್ರೀತಿಯಿಂದ ಒಂದು ಇಡೀ ಊರು ಸುಳ್ಳು ಹೇಳೋದು ಬಹಳ ಭಯಂಕರ, ಅದಕ್ಕೆ ಬೇರೆ ಖಳನಾಯಕ ಬೇಕಿಲ್ಲ.

ಬರೀ ಮುಚ್ಚೋದಲ್ಲ, ತುಂಬಿಸಲೂಬೇಕಾಗುತ್ತದೆ. ಆ ಬೇಸಿಗೆ ಎಲ್ಲಿದ್ದೆ ಅಂತ ಅವಳು ಕೇಳಿದರೆ ‘ನಂಜನಗೂಡಲ್ಲಿ ಚಿಕ್ಕಮ್ಮನ ಮನೇಲಿದ್ದೆ ಕಣವ್ವ, ಜ್ವರ ಬಂದಿತ್ತಲ್ಲ’ ಅಂತ ಅವ್ವ ಹೇಳುತ್ತಾಳೆ. ಸ್ವಲ್ಪ ದಿನಕ್ಕೆ ಸಿಂಚನಳಿಗೆ ಆ ಜ್ವರ ‘ನೆನಪಿಗೆ’ ಬರುತ್ತದೆ. ಇದು ಕಟ್ಟುಕಥೆ ಅಲ್ಲ. ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 24 ಜನರಿಗೆ, ಚಿಕ್ಕವರಿದ್ದಾಗ ಅಂಗಡಿ ಮಳಿಗೆಯಲ್ಲಿ ಕಳೆದುಹೋಗಿದ್ದಿರಿ ಅನ್ನೋ ನಡೆಯದ ಘಟನೆಯನ್ನು ಮನೆಯವರು ಹೇಳಿದ್ದು ಅಂತ ಕೊಟ್ಟರು. ಸುಮಾರು ಕಾಲು ಭಾಗ ಜನ ಅದನ್ನು ಪೂರ್ತಿಯೋ ಅರೆಬರೆಯೋ ನೆನಪಿದೆ ಅಂದರು. ಹಾಗಾಗಿ ನಿಮ್ಮ ಕಥೆಯಲ್ಲಿ ನೆನಪು ಅಳಿಸಿದ್ದು ಯಂತ್ರ, ಸುಳ್ಳು ನೆನಪು ನೆಟ್ಟಿದ್ದು ಅವ್ವ. ಯಾವುದು ಜಾಸ್ತಿ ತಪ್ಪು ಅಂತ ಓದುವವರು ಜಗಳ ಆಡಲಿ.

ಒಂದು ಎಚ್ಚರಿಕೆ. ಊರಿನ ವಿವರ ಹಾಕುವಾಗ ಸರಿ ನೋಡಿಕೊಳ್ಳಿ. ನಾಲೆಯಲ್ಲಿ ವರ್ಷವಿಡೀ ನೀರು ಹರಿಯೋದಿಲ್ಲ, ಬೇಸಿಗೆಯಲ್ಲಿ ಕಟ್ಟು ನೀರು, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ಬಿಡುತ್ತಾರೆ. ನೀರಿಲ್ಲದ ವಾರದಲ್ಲಿ ಹುಡುಗನನ್ನು ನಾಲೆಗೆ ಬೀಳಿಸಿದರೆ ಮಂಡ್ಯದ ಓದುಗರು ಪುಸ್ತಕ ಅಲ್ಲೇ ಮುಚ್ಚಿಡುತ್ತಾರೆ.

## ಹಂತ 5: ಡಾಕ್ಟರನ್ನು ರಾಕ್ಷಸ ಮಾಡಬೇಡಿ

ಕತ್ತಲೆ ಕೋಣೆ, ಕನ್ನಡಕ, ನಗು. ಈ ಡಾಕ್ಟರು ಸಾಕಾಗಿ ಹೋಗಿದ್ದಾರೆ. ಕೆಟ್ಟವನೊಬ್ಬ ಕೆಟ್ಟದ್ದು ಮಾಡಿದರೆ ನೀತಿಯ ಪ್ರಶ್ನೆ ಎಲ್ಲಿ ಉಳಿಯಿತು? ಪೊಲೀಸರನ್ನು ಕರೆದರೆ ಕಥೆ ಮುಗಿಯಿತು.

ಎಥಿಕ್ಸ್ ಕಮಿಟಿಯ ಸಭೆಯನ್ನು ಒಂದು ಪೂರ್ತಿ ಅಧ್ಯಾಯ ಮಾಡಿ. ಬೇಜಾರಾಗುತ್ತೆ ಅಂತ ಎಲ್ಲರೂ ಬಿಟ್ಟುಬಿಡುತ್ತಾರೆ, ನಾನು ಓದಿದ ಕರಡುಗಳಲ್ಲಿ ಅದನ್ನು ಬರೆದವರದ್ದೇ ಎದ್ದು ಕಾಣುವುದು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ (ಮನುಷ್ಯರ ಮೇಲಿನ ಚಿಕಿತ್ಸಾ ಪ್ರಯೋಗ) ನಿಯಮದ ಪ್ರಕಾರ ಕಮಿಟಿಯಲ್ಲಿ ಕನಿಷ್ಠ 7 ಜನ ಇರಬೇಕು. ಎಲ್ಲರೂ ಡಾಕ್ಟರುಗಳಲ್ಲ. ಕಾನೂನು ಬಲ್ಲವರೊಬ್ಬರು, ಒಬ್ಬ ಮಹಿಳೆಯಾದರೂ, ಮತ್ತು ವೈದ್ಯಕೀಯಕ್ಕೆ ಸಂಬಂಧವೇ ಇಲ್ಲದ ಒಬ್ಬ ಸಾಮಾನ್ಯ ವ್ಯಕ್ತಿ. ಅಧ್ಯಕ್ಷರು ಆ ಸಂಸ್ಥೆಯ ಹೊರಗಿನವರಾಗಿರಬೇಕು.

ಆ ಸಾಮಾನ್ಯ ವ್ಯಕ್ತಿಯೇ ನಿಮ್ಮ ಬಂಗಾರ. ರಿಟೈರ್ ಆದ ಹೈಸ್ಕೂಲ್ ಮೇಷ್ಟ್ರು ಅಂತ ಇಟ್ಟುಕೊಳ್ಳಿ. ಎಲ್ಲರೂ ಡೋಸು, ಅಪಾಯ, ವಿಮೆ ಅಂತ ಮಾತಾಡುವಾಗ ಅವರು ಸುಮ್ನೆ ಕೂತಿರುತ್ತಾರೆ. ಕೊನೆಗೆ, ‘ಅಲ್ಲ ಡಾಕ್ಟ್ರೆ, ಯಾವಾಗ ಬೇಕಾದರೂ ಪ್ರಯೋಗದಿಂದ ಹೊರಗೆ ಬರಬಹುದು ಅಂತ ಬರೆದಿದ್ದೀರಿ. ಪ್ರಯೋಗದಲ್ಲಿ ಇದ್ದೀನಿ ಅನ್ನೋದೇ ಸೇರಿದವರಿಗೆ ನೆನಪಿಲ್ಲದಿದ್ದರೆ ಹೊರಗೆ ಬರೋದು ಹೇಗೆ?’ ಅನ್ನುತ್ತಾರೆ. ಸಭೆ ಒಂದು ಗಳಿಗೆ ತಬ್ಬಿಬ್ಬು. ‘ಸಾರ್, ನಾವು ಅಳಿಸೋದು ಘಟನೆಯನ್ನಲ್ಲ, ಭಯವನ್ನು ಮಾತ್ರ. ಅವರಿಗೆ ಎಲ್ಲ ನೆನಪಿರುತ್ತೆ’ ಅನ್ನುತ್ತಾರೆ ಡಾಕ್ಟರು. ಆ ಹೊತ್ತಿಗೆ ಅದು ಸತ್ಯವೇ. ಕಮಿಟಿ ಒಪ್ಪುತ್ತದೆ.

ಒಪ್ಪಿಗೆ ಸಿಕ್ಕಿದ್ದು ಭಯ ತಗ್ಗಿಸೋಕೆ. ಆದರೆ ಅರ್ಧ ದಾರಿಯಲ್ಲಿ ಅವ್ವ ಡಾಕ್ಟರ ಕಾಲು ಹಿಡಿಯುತ್ತಾಳೆ. ‘ಅವನೇ ಜ್ಞಾಪಕಕ್ಕೆ ಬರ್ದಂಗೆ ಮಾಡ್ಬುಡಿ ಸ್ವಾಮಿ, ಇರೋ ಒಂದು ಮಗೀನಾದ್ರೂ ಉಳುಸ್ಕೊತೀನಿ.’ ಹುಡುಗಿ ದಿನೇ ದಿನೇ ಸೊರಗುತ್ತಿದ್ದಾಳೆ. ಡಾಕ್ಟರು ಕಾಗದದಲ್ಲಿ ಇಲ್ಲದ್ದನ್ನು ಮಾಡುತ್ತಾರೆ. ದುಡ್ಡಿಗಲ್ಲ, ಹೆಸರಿಗೂ ಅಲ್ಲ. ಹುಡುಗಿ ಬದುಕುತ್ತಾಳೆ. ಈಗ ಹೇಳಿ, ತಪ್ಪು ಯಾರದು?

ಪರೀಕ್ಷೆ ಇದು: ಡಾಕ್ಟರ ಪರವಾಗಿ ಒಂದು ಪುಟ, ವಿರುದ್ಧವಾಗಿ ಒಂದು ಪುಟ ಬರೆಯಿರಿ. ಒಂದು ಪುಟ ಸಲೀಸಾಗಿ ಬಂದು ಇನ್ನೊಂದು ಬರದಿದ್ದರೆ ಪಾತ್ರ ಇನ್ನೂ ಬೆಂದಿಲ್ಲ.

ಇನ್ನೊಂದು ಮಾತು. ಆಸ್ಪತ್ರೆಗೆ ಕಲ್ಪನೆಯ ಹೆಸರೇ ಇಡಿ. ಮೈಸೂರಿನ ನಿಜವಾದ ಆಸ್ಪತ್ರೆಯ ಹೆಸರು ಹಾಕಿ ಅಲ್ಲಿ ಅಕ್ರಮ ನಡೆಸಬೇಡಿ. ರಿಂಗ್ ರೋಡಿನಾಚೆ ಒಂದು ಕಟ್ಟಡ ಕಟ್ಟಿಕೊಳ್ಳಿ, ಕಿಟಕಿಯಿಂದ ಚಾಮುಂಡಿ ಬೆಟ್ಟ ಕಂಡರೆ ಸಾಕು, ಮೈಸೂರು ಅಂತ ಗೊತ್ತಾಗುತ್ತದೆ.

## ಹಂತ 6: ನಿಯಮವನ್ನೇ ಗಡಿಯಾರ ಮಾಡಿಕೊಳ್ಳಿ

ಕಥೆ ಮುಂದೆ ಓಡಬೇಕಾದರೆ ಒಂದು ಗಡುವು ಬೇಕು. ಹೆಚ್ಚಿನವರು ಬಾಂಬು, ಕಿಡ್ನಾಪು, ಸರ್ವರ್ ಹ್ಯಾಕಿಂಗ್ ತರುತ್ತಾರೆ. ಬೇಡವೇ ಬೇಡ. ಗಡುವು ಮಾರ್ಗಸೂಚಿಯಲ್ಲೇ ಇದೆ.

ಸಂಶೋಧನೆ ನಡೆಯುತ್ತಿರುವಾಗ ಮಗು 18 ತುಂಬಿ ದೊಡ್ಡವರಾದರೆ, ಅವರಿಂದ ಹೊಸದಾಗಿ ಒಪ್ಪಿಗೆ ಪಡೆಯಬೇಕು. ಅಪ್ಪನ ಸಹಿ ಅಲ್ಲಿಗೆ ಮುಗಿಯಿತು. ಸಿಂಚನಳ ತಪಾಸಣೆ ವರ್ಷಗಟ್ಟಲೆ ಮುಂದುವರಿಯುವಂಥದ್ದು. ತಿಂಗಳಿಗೊಮ್ಮೆ ಅವಳನ್ನು ‘ತಲೆನೋವಿಗೆ’ ಅಂತ ಮೈಸೂರಿಗೆ ಕರೆದುಕೊಂಡು ಹೋಗುತ್ತಿರುತ್ತಾರೆ. ಅವಳಿಗೆ 18 ತುಂಬಿದ ಮೇಲೆ ಡಾಕ್ಟರು ಅವಳ ಮುಂದೆ ಕಾಗದ ಇಡಲೇಬೇಕು. ಇಡಬೇಕಾದರೆ ಯಾವುದರ ಪ್ರಯೋಗ ಅಂತ ಹೇಳಬೇಕು. ಹೇಳಿದರೆ ಮನು ವಾಪಸ್ ಬರುತ್ತಾನೆ.

ಹಾಗಾಗಿ ಕಾದಂಬರಿಯನ್ನು ಅವಳಿಗೆ 17 ದಾಟಿ ಕೆಲವು ತಿಂಗಳಾದಾಗ ಶುರು ಮಾಡಿ. ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಹುಟ್ಟಿದ ಹಬ್ಬ ಬರಲಿ. ಮನೆಯವರೆಲ್ಲ ಆ ತಾರೀಖಿಗೆ ಹೆದರುತ್ತಿದ್ದಾರೆ, ಅವಳೊಬ್ಬಳೇ ಕಾಯುತ್ತಿದ್ದಾಳೆ.

ಅವಳೇ ಮೊದಲು ಕಂಡುಹಿಡಿಯೋದಾದರೆ ಎರಡು ದಾರಿ. ನಮ್ಮ ದೇಶದಲ್ಲಿ 2009ರಿಂದ ಕ್ಲಿನಿಕಲ್ ಟ್ರಯಲ್‌ಗಳನ್ನು ಸಾರ್ವಜನಿಕ ನೋಂದಣಿಯಲ್ಲಿ ದಾಖಲಿಸೋದು ಕಡ್ಡಾಯ. ಯಾರು ಬೇಕಾದರೂ ನೋಡಬಹುದು. ಕಂಪ್ಯೂಟರ್ ಹುಚ್ಚಿನ ಗೆಳತಿಯೊಬ್ಬಳಿದ್ದರೆ ಸಾಕು. ಇನ್ನೊಂದು ದಾರಿ ನನಗೆ ಜಾಸ್ತಿ ಇಷ್ಟ. ಸಹಿ ಹಾಕಿದ ಪತ್ರದ ಒಂದು ಪ್ರತಿ ಕುಟುಂಬಕ್ಕೂ ಕೊಡಬೇಕು. ಹಳ್ಳಿಮನೆಯಲ್ಲಿ ಯಾರೂ ಆಸ್ಪತ್ರೆ ಕಾಗದ ಎಸೆಯೋದಿಲ್ಲ. ಬೀರುವಿನಲ್ಲಿ ರೇಷ್ಮೆ ಸೀರೆಯ ಕೆಳಗೆ ಒಂದು ಪ್ಲಾಸ್ಟಿಕ್ ಕವರ್. ಅದರೊಳಗೆ ಪಹಣಿ, ಸೊಸೈಟಿ ಸಾಲದ ರಸೀದಿ, ಎಲ್‌ಐಸಿ ಬಾಂಡು, ನಾಲ್ಕು ಮಡಿಕೆ ಮಾಡಿದ ಒಂದು ಕಾಗದ. ಕಾಲೇಜಿಗೆ ಜಾತಿ ಪ್ರಮಾಣಪತ್ರ ಹುಡುಕೋಕೆ ಅಂತ ಕವರ್ ಬಿಚ್ಚಿದವಳಿಗೆ ಅಪ್ಪನ ಸಹಿ ಕಾಣುತ್ತದೆ, ಅದರ ಕೆಳಗೆ ನೀಲಿ ಇಂಕಿನಲ್ಲಿ ತನ್ನದೇ ಸಹಿ, ‘ಚ’ ಅಕ್ಷರದ ಬಾಲ ಎಳೆದು ಬಿಟ್ಟಿರುವ, ತಾನು ಹತ್ತನೇ ಕ್ಲಾಸಿನಲ್ಲಿ ಹಾಕುತ್ತಿದ್ದಂಥ ಸಹಿ.

## ಹಂತ 7: ಯಾರ ಬಾಯಲ್ಲಿ, ಯಾವ ಕನ್ನಡದಲ್ಲಿ

ನಿರೂಪಣೆ ಸಿಂಚನಳದೇ ಇರಲಿ, ‘ನಾನು’ ಅಂತ. ಅವಳಿಗೆ ಗೊತ್ತಿಲ್ಲದ್ದು ಓದುವವರಿಗೆ ಸಂದಿಯಲ್ಲಿ ಕಾಣಬೇಕು. ನಡುನಡುವೆ ಕಾಗದಗಳನ್ನು ಇಡಿ: ಒಪ್ಪಿಗೆ ಪತ್ರ, ಕಮಿಟಿಯ ನಡಾವಳಿ, ನರ್ಸ್ ಬರೆದ ಟಿಪ್ಪಣಿ. ಹಂತ 1ರಲ್ಲಿ ಬರೆದದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಭಾಷೆಯ ವಿಷಯದಲ್ಲಿ ಒಂದೇ ತಪ್ಪು ಪದೇ ಪದೇ ನೋಡುತ್ತೇನೆ. ವಿಜ್ಞಾನ ಅಂದ ತಕ್ಷಣ ಎಲ್ಲರೂ ಪಠ್ಯಪುಸ್ತಕದ ಕನ್ನಡ ಮಾತಾಡೋಕೆ ಶುರು ಮಾಡುತ್ತಾರೆ. ಪಾಂಡವಪುರದ ಅಜ್ಜಿ ‘ನಿನ್ನ ಸ್ಮೃತಿಯು ಮರಳಿತೇ?’ ಅನ್ನೋದಿಲ್ಲ. ‘ಗ್ಯಾನ ಬತ್ತಾ ಮಗ?’ ಅನ್ನುತ್ತಾಳೆ. ಹಾಗಂತ ಮಂಡ್ಯ ಮಾತನ್ನು ಬರೀ ನಗಿಸೋಕೆ ಬಳಸಬೇಡಿ, ಆ ಚಾಳಿ ಸಿನಿಮಾದವರಿಗೆ ಬಿಡಿ. ಅಳುವುದೂ ಅದೇ ಭಾಷೆಯಲ್ಲಿ. ಅಪ್ಪ ಊರಲ್ಲಿ ಮಾತಾಡುವ ಜೋರು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿದ್ದಂತೆ ಇಳಿಯುತ್ತದೆ. ‘ನೀವು ಹೆಂಗೇಳ್ತೀರೋ ಹಂಗೆ ಡಾಕ್ಟ್ರೆ’ ಅಂತಾನೆ. ಆ ಒಂದು ವಾಕ್ಯದಲ್ಲೇ ಒಪ್ಪಿಗೆ ಅನ್ನೋದು ಎಷ್ಟು ತೆಳ್ಳಗಿದೆ ಅಂತ ಗೊತ್ತಾಗುತ್ತದೆ.

## ಹಂತ 8: ಅಧ್ಯಾಯ ಜೋಡಿಸೋದು

ಇದು ಬೇಗ ಮುಗಿಯುವ ಕೆಲಸ, ಹಿಂದಿನದ್ದು ಸರಿ ಇದ್ದರೆ. ಮೊದಲ ಅಧ್ಯಾಯ ಐದು ತಟ್ಟೆ. ಆಸ್ಪತ್ರೆ ಮಂಚ ಅಲ್ಲ. ಕಾಲು ಭಾಗದ ಹೊತ್ತಿಗೆ ಓದುವವರಿಗೆ ಒಬ್ಬ ತಮ್ಮ ಇದ್ದ ಅಂತ ಅನುಮಾನ ಬರಲಿ. ಅರ್ಧದಲ್ಲಿ ಸಿಂಚನಳಿಗೆ ಕಾಗದ ಸಿಗಲಿ. ಗುಟ್ಟನ್ನು ಕೊನೆಯವರೆಗೂ ಎಳೆಯಬೇಡಿ. ಗುಟ್ಟು ಒಡೆದ ಮೇಲೆ ಅವಳು ಏನು ಮಾಡುತ್ತಾಳೆ ಅನ್ನೋದಕ್ಕೇ ಅರ್ಧ ಪುಸ್ತಕ ಬೇಕು: ಅಪ್ಪ ಅವ್ವನ ಜೊತೆ ಮಾತು ಬಿಡುತ್ತಾಳಾ, ತಾನು ನೆನಪಿಸಿಕೊಳ್ಳಲಾರದ ತಮ್ಮನಿಗೆ ಅಳೋಕೆ ಆಗುತ್ತಾ, ಹೊಸ ಪತ್ರಕ್ಕೆ ಸಹಿ ಹಾಕುತ್ತಾಳಾ.

ಅಳಿಸಿದ ನೆನಪು ಕೊನೆಯಲ್ಲಿ ಪೂರ್ತಿ ವಾಪಸ್ ಬರಬಾರದು. ಬಂದರೆ ಯಾರೂ ಏನೂ ಕಳೆದುಕೊಳ್ಳಲಿಲ್ಲ ಅಂತಾಯಿತು, ನಿಮ್ಮ ಡಾಕ್ಟರೂ ಬಚಾವ್ ಆದರು. ಅವಳಿಗೆ ಮನು ಬೇರೆಯವರು ಹೇಳಿದ ಕಥೆಯಾಗಿಯೇ ಸಿಗಬೇಕು.

## ಹಂತ 9: ಮೂರು ಥರದವರಿಗೆ ಓದಿಸಿ

ಹದಿನಾರು ಹದಿನೇಳರ ಒಬ್ಬರಿಗೆ. ಅವರು ಎಲ್ಲಿ ಫೋನ್ ಕೈಗೆ ತಗೊಂಡರು ಅಂತ ಗಮನಿಸಿ, ಆ ಪುಟಕ್ಕೆ ಗುರುತು ಹಾಕಿ. ಆಸ್ಪತ್ರೆಯವರೊಬ್ಬರಿಗೆ. ಮತ್ತು ಆ ಥರದ ಸಾವು ಕಂಡ ಮನೆಯವರಿಗೆ, ಅವರು ಒಪ್ಪಿದರೆ ಮಾತ್ರ. ಅವರ ಮನೆಯ ವಿವರ ಒಂದನ್ನೂ ಕೇಳದೆ ಪುಸ್ತಕಕ್ಕೆ ಎತ್ತಿಕೊಳ್ಳಬೇಡಿ. ಒಪ್ಪಿಗೆಯ ಬಗ್ಗೆ ಇನ್ನೂರು ಪುಟ ಬರೆದು ನೀವೇ ಒಪ್ಪಿಗೆ ಕೇಳದಿದ್ದರೆ ಹೇಗೆ?

ಓದುವವರು ಚಿಕ್ಕವರು, ವಿಷಯ ಭಾರ. ಪುಸ್ತಕದ ಕೊನೆ ಪುಟದಲ್ಲಿ ಸರ್ಕಾರದ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ ನಂಬರ್ 14416 ಹಾಕಿ. ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

## ಎಡವಟ್ಟಾಗಿದೆ ಅನ್ನೋ ಗುರುತು, ವಾಪಸ್ ಹೋಗಬೇಕಾದ ಜಾಗ

ಯಂತ್ರವನ್ನು ವಿವರಿಸೋಕೆ ಎರಡು ಪುಟಕ್ಕಿಂತ ಜಾಸ್ತಿ ಬೇಕಾಗುತ್ತಿದೆ ಅಂದರೆ ಅದಕ್ಕೆ ಷರತ್ತು ಸಿಕ್ಕಿಲ್ಲ, ಹಂತ 3ಕ್ಕೆ ಹೋಗಿ. ಡಾಕ್ಟರು ಬಾಯಿ ತೆಗೆದಾಗಲೆಲ್ಲ ಭಾಷಣ ಬರುತ್ತಿದ್ದರೆ ಹಂತ 5. ಹುಡುಗಿ ಬರೀ ಅಳುತ್ತಾ, ಓಡುತ್ತಾ ಇದ್ದಾಳೆ, ಯಾವ ತೀರ್ಮಾನವನ್ನೂ ತಾನೇ ಮಾಡುತ್ತಿಲ್ಲ ಅಂತ ಕಂಡರೆ ಗಡಿಯಾರ ಕೆಟ್ಟಿದೆ, ಹಂತ 6. ಕಥೆಯನ್ನು ಮೈಸೂರಿನಿಂದ ಎತ್ತಿ ಬೇರೆ ಯಾವುದೋ ದೇಶದಲ್ಲಿಟ್ಟರೂ ಒಂದಕ್ಷರ ಬದಲಾಗೋದಿಲ್ಲ ಅಂದರೆ ಹಂತ 4ರಲ್ಲಿ ಏನೂ ಮಾಡಿಲ್ಲ ಅಂತ ಅರ್ಥ.

ಗೆಳೆಯರು ಓದಿ ‘ಐಡಿಯಾ ಸೂಪರ್ ಗುರು’ ಅಂದು, ಹುಡುಗಿಯ ಹೆಸರು ಕೇಳಿದರೆ ತಡವರಿಸುತ್ತಾರಾ? ಅದು ಎಲ್ಲಕ್ಕಿಂತ ಕೆಟ್ಟ ಗುರುತು. ಆಗ ತಿದ್ದುತ್ತಾ ಕೂರಬೇಡಿ. ಎರಡನೇ ನೋಟ್‌ಬುಕ್ ಪಕ್ಕಕ್ಕಿಟ್ಟು, ಒಪ್ಪಿಗೆ ಪತ್ರವನ್ನು ಹೊಸದಾಗಿ ಬರೆಯಿರಿ. ಈ ಸಲ ‘ಯಾರನ್ನು ಕೇಳಲಿಲ್ಲ’ ಅನ್ನೋ ಜಾಗದಿಂದ ಶುರು ಮಾಡಿ.